ಲಾಜರನ ಕಟ್ಟು ಬಿಚ್ಚುವವರು ಯಾರು?

ನಮ್ಮ ಬಿಡುಗಡೆಯ ಸಾಕ್ಷ್ಯಗಳನ್ನು ಕುರಿತು ಒಂದು ವಿಮರ್ಶೆ



ಧ್ಯಾನಕೂಟಗಳಲ್ಲಿ ಕುಡಿತದಿಂದ ಬಿಡುಗಡೆ ಹೊಂದಿದವರ ಸಾಕ್ಷ್ಯವನ್ನು ನೀವೆಲ್ಲ ಕೇಳಿರುತ್ತೀರಿ. ಅದರ ಕ್ರಮ ನಿಮಗೆ ಚಿರಪರಿಚಿತ. ಇಷ್ಟು ವರ್ಷ ಕುಡಿದೆ, ಹೊಲ ಮಾರಿದೆ, ಹೆಂಡತಿಯ ಒಡವೆ ಅಡವಿಟ್ಟೆ, ಮಕ್ಕಳು ನನ್ನನ್ನು ಕಂಡರೆ ಬಾಗಿಲ ಹಿಂದೆ ಅವಿತುಕೊಳ್ಳುತ್ತಿದ್ದರು. ಇಂಥ ದಿನ, ಇಂಥ ಪ್ರಾರ್ಥನೆಯ ಹೊತ್ತಿನಲ್ಲಿ ಯೇಸುಸ್ವಾಮಿ ನನ್ನನ್ನು ಮುಟ್ಟಿದರು. ಅಂದಿನಿಂದ ಒಂದು ತೊಟ್ಟನ್ನೂ ಮುಟ್ಟಿಲ್ಲ. ಇಷ್ಟಾದ ಮೇಲೆ ಸಭೆ ಚಪ್ಪಾಳೆ ತಟ್ಟುತ್ತದೆ, ಅಲ್ಲೆಲೂಯ ಮೊಳಗುತ್ತದೆ.

ಇಂಥ ಸಾಕ್ಷ್ಯಗಳ ಪ್ರಾಮಾಣಿಕತೆಯನ್ನು ಶಂಕಿಸುವುದು ಈ ಲೇಖನದ ಉದ್ದೇಶವಲ್ಲ. ದೇವರ ಕೃಪೆಗೆ ಒಂದು ಕ್ಷಣ ಸಾಕು ಎಂಬುದನ್ನು ನಂಬದವನು ಕ್ರೈಸ್ತನೇ ಅಲ್ಲ. ಆದರೆ ಸಾಕ್ಷ್ಯವೂ ಒಂದು ಕಥನ. ಕಥನಕ್ಕೆ ಒಂದು ಆಕಾರವಿರುತ್ತದೆ. ಅದು ಕೆಲವನ್ನು ಹೇಳುತ್ತದೆ, ಕೆಲವನ್ನು ಬಿಡುತ್ತದೆ. ಮತ್ತೆ ಮತ್ತೆ ಕೇಳಿದ ಕಥೆ ಕೇಳುವವರ ನಿರೀಕ್ಷೆಯನ್ನು ರೂಪಿಸುತ್ತದೆ. ನಿರೀಕ್ಷೆ ಹೇಗೋ ವ್ಯವಸ್ಥೆಯೂ ಹಾಗೆಯೇ. ಆದುದರಿಂದ ಒಂದು ಕವಿತೆಯನ್ನೋ ಕಾದಂಬರಿಯನ್ನೋ ವಿಮರ್ಶಿಸುವಂತೆ ಈ ಸಾಕ್ಷ್ಯಕಥನವನ್ನೂ ಎದುರಿಗಿಟ್ಟುಕೊಂಡು ನೋಡುವುದು ಅಗತ್ಯವಾಗಿದೆ.

ಮೊದಲು ಕಣ್ಣಿಗೆ ಬೀಳುವುದು, ಈ ಕಥೆಯಲ್ಲಿ ಎರಡೇ ಕಾಲಗಳಿವೆ ಎಂಬುದು: 'ಅಂದು' ಮತ್ತು 'ಇಂದು'. ನಡುವೆ ಒಂದು ದಿನ. ಆ ದಿನದ ಮರುದಿನ ಏನಾಯಿತು, ನಲವತ್ತನೆಯ ದಿನ ಸಂಜೆ ಏಳು ಗಂಟೆಗೆ ಕೈ ನಡುಗಿದಾಗ ಯಾರು ಪಕ್ಕದಲ್ಲಿದ್ದರು, ಸಂಬಳದ ದಿನ ಹಳೆಯ ಗೆಳೆಯರು ಕರೆದಾಗ ಯಾವ ದಾರಿಯಲ್ಲಿ ಮನೆಗೆ ಬಂದರು, ಎಷ್ಟು ಬಾರಿ ಬಿದ್ದೆದ್ದರು ಎಂಬುದೊಂದೂ ಅಲ್ಲಿಲ್ಲ. ಎರಡನೆಯದಾಗಿ, ಕಥೆಯಲ್ಲಿ ಇರುವವರು ಇಬ್ಬರೇ: ದೇವರು ಮತ್ತು ಆ ವ್ಯಕ್ತಿ. ಹೆಂಡತಿ ಅಳುವುದಕ್ಕೆ ಮಾತ್ರ ಬರುತ್ತಾಳೆ. ವೈದ್ಯರು ಬಂದರೆ ಕೈಚೆಲ್ಲುವುದಕ್ಕೆ ಮಾತ್ರ ಬರುತ್ತಾರೆ. ನೆರೆಹೊರೆಯವರು, ಅಂದರೆ ನೀವು ಮತ್ತು ನಾವು, ಪ್ರೇಕ್ಷಕರಾಗಿ ಚಪ್ಪಾಳೆ ತಟ್ಟುವವರು ಅಷ್ಟೆ.

ಈ ಕಥೆ ನಮ್ಮ ಧರ್ಮಕೇಂದ್ರಗಳ ಸೇವಾಕ್ರಮಕ್ಕೂ ತನ್ನದೇ ಆಕಾರವನ್ನು ಕೊಟ್ಟಿದೆ. ತಪಸ್ಸು ಕಾಲದಲ್ಲಿ ಒಂದು ಪ್ರತಿಜ್ಞಾವಿಧಿ, ವರ್ಷಕ್ಕೊಂದು ಧ್ಯಾನಕೂಟ, ಮಾದಕವಸ್ತು ವಿರೋಧಿ ದಿನವಾದ ಜೂನ್ 26ರಂದು ಶಾಲಾ ಮಕ್ಕಳ ಮೆರವಣಿಗೆ, ಭಿತ್ತಿಪತ್ರ, ಭಾಷಣ. ಇವೆಲ್ಲವೂ ಒಂದು ದಿನದ ಕಾರ್ಯಕ್ರಮಗಳು. ಮರುದಿನಕ್ಕೆ ನಮ್ಮಲ್ಲಿ ಕಾರ್ಯಕ್ರಮವಿಲ್ಲ, ಏಕೆಂದರೆ ನಮ್ಮ ಕಥೆಯಲ್ಲಿ ಮರುದಿನವೇ ಇಲ್ಲ.

ಹೇಳದೆ ಉಳಿದುದರ ಬೆಲೆ

ಈ ಮೌನ ನಿರಪಾಯಕಾರಿಯಲ್ಲ. ಪ್ರತಿಜ್ಞೆ ಮಾಡಿ ಎರಡು ತಿಂಗಳಿಗೆ ಮತ್ತೆ ಕುಡಿದವನ ಸ್ಥಿತಿಯನ್ನು ಯೋಚಿಸಿರಿ. ಮರುಕಳಿಕೆ ಈ ರೋಗದ ಸಾಮಾನ್ಯ ಲಕ್ಷಣ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆಯ ಪ್ರಮಾಣ ಏರುವಂತೆ ಇದೂ ಏರಿಳಿಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಆದರೆ ನಮ್ಮ ಕಥೆಯನ್ನು ಕೇಳಿ ಬೆಳೆದ ಆ ವ್ಯಕ್ತಿಗೆ ಅರ್ಥವಾಗುವುದು ಒಂದೇ: ದೇವರು ಮುಟ್ಟಿದ್ದು ಅವನನ್ನು, ನನ್ನನ್ನಲ್ಲ. ಅವನು ಪೂಜೆಗೆ ಬರುವುದನ್ನು ನಿಲ್ಲಿಸುತ್ತಾನೆ. ಅವನ ಪತ್ನಿ ಹಿಂದಿನ ಬೆಂಚಿಗೆ ಸರಿಯುತ್ತಾಳೆ. ನಾವು "ಅವನಿಗೆ ವಿಶ್ವಾಸ ಸಾಲದು" ಎಂದು ತೀರ್ಪು ಕೊಟ್ಟು ಮುಂದಿನ ಸಾಕ್ಷ್ಯಕ್ಕೆ ಕಿವಿಗೊಡುತ್ತೇವೆ.

ಇನ್ನೂ ಗಂಭೀರವಾದುದು ದೇಹದ ವಿಷಯ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ನಡುಕ, ಬೆವರು, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಕೆಲವರು ಇಲ್ಲದುದನ್ನು ಕಾಣತೊಡಗುತ್ತಾರೆ, ಹಗಲು ಯಾವುದು ಇರುಳು ಯಾವುದು ಎಂಬುದು ತಿಳಿಯದಾಗುತ್ತದೆ. ಇದು ಪ್ರಾಣಕ್ಕೇ ಅಪಾಯ ತರಬಲ್ಲ ಸ್ಥಿತಿ. ಇದಕ್ಕೆ ಆಸ್ಪತ್ರೆ, ವೈದ್ಯರು ಕೊಡುವ ಶಮನಕಾರಿ ಮಾತ್ರೆ, ಥಯಾಮಿನ್ ಎಂಬ ಜೀವಸತ್ವ ಬೇಕು. ನಮ್ಮ ಧ್ಯಾನಕೂಟಗಳ ಅವಧಿ ಸಾಮಾನ್ಯವಾಗಿ ಮೂರರಿಂದ ಐದು ದಿನ ಎಂಬುದನ್ನು ನೆನೆಯಿರಿ. ಅಪಾಯದ ದಿನಗಳೂ ಅವೇ. ಆ ನಡುಕವನ್ನೂ ಭ್ರಮೆಯನ್ನೂ ಪಿಶಾಚಿಯ ಹೋರಾಟವೆಂದು ತಿಳಿದು ಪ್ರಾರ್ಥನೆಯ ದನಿಯನ್ನು ಮಾತ್ರ ಏರಿಸಿದರೆ, ಒಂದು ಜೀವವನ್ನು ನಮ್ಮ ಅಜ್ಞಾನಕ್ಕೆ ಬಲಿಕೊಟ್ಟಂತೆ. ಕುಡಿಯುವವನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡುವ 'ಕುಡಿತ ಬಿಡಿಸುವ ಪುಡಿ'ಗಳ ವಿಷಯವೂ ಹೀಗೆಯೇ. ಅಂಥ ಪುಡಿಯಲ್ಲಿ ಏನಿದೆ ಎಂಬುದು ಕೊಡುವವರಿಗೂ ತಿಳಿದಿರುವುದಿಲ್ಲ. ಮದ್ಯದೊಡನೆ ಸೇರಿ ದೇಹದಲ್ಲಿ ತೀವ್ರ ಪ್ರತಿಕ್ರಿಯೆ ಹುಟ್ಟಿಸುವ ಔಷಧಗಳುಂಟು. ರೋಗಿಯ ಅರಿವು ಒಪ್ಪಿಗೆಗಳಿಲ್ಲದೆ, ವೈದ್ಯರ ಸಲಹೆಯಿಲ್ಲದೆ ಅವನ್ನು ಕೊಡಲಾಗದು.

ಈ ವಿಷಯದ ವ್ಯಾಪ್ತಿ ಎಷ್ಟೆಂದು ತಿಳಿಯಲು ಒಂದು ಅಧಿಕೃತ ವರದಿಯನ್ನು ನೋಡಬಹುದು. ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಸಿ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯದ ಕಾರಣದಿಂದ ನೆರವು ಬೇಕಾದವರು ದೇಶದಲ್ಲಿ 5.7 ಕೋಟಿಗೂ ಹೆಚ್ಚು. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದವರು 38 ಜನರಲ್ಲಿ ಒಬ್ಬರು. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180 ಜನರಲ್ಲಿ ಒಬ್ಬರು. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಬಹುಪಾಲು ಮಾನಸಿಕ ರೋಗಿಗಳು ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆಂದು ತೋರಿಸಿತು. ಸಾಕ್ಷ್ಯ ಹೇಳಲು ಎದ್ದು ನಿಂತ ಒಬ್ಬರ ಹಿಂದೆ ಎದ್ದು ನಿಲ್ಲಲಾರದ ಎಷ್ಟು ಜನರಿದ್ದಾರೆ ಎಂಬುದು ಇದರಿಂದ ವೇದ್ಯವಾಗುತ್ತದೆ.

ಶುಭಸಂದೇಶ ಹೇಳುವ ಕಥೆ

ಹಾಗಾದರೆ ಬಿಡುಗಡೆಯ ಕಥೆಯನ್ನು ಬೇರೆ ರೀತಿಯಲ್ಲಿ ಹೇಳಲು ಸಾಧ್ಯವೆ? ಸಾಧ್ಯವೆಂಬುದನ್ನು ತೋರಿಸುವ ಕಥೆ ನಮ್ಮ ಕೈಯಲ್ಲೇ ಇದೆ. ಸಂತ ಯೊವಾನ್ನರ ಶುಭಸಂದೇಶದ 11ನೆಯ ಅಧ್ಯಾಯವನ್ನು ನಿಧಾನವಾಗಿ ಓದಿನೋಡಿರಿ. ಲಾಜರನನ್ನು ಸಾವಿನಿಂದ ಕರೆದವರು ಯೇಸುಸ್ವಾಮಿ ಒಬ್ಬರೇ. ಆದರೆ ಆ ಕರೆಗೆ ಮುಂಚೆ ಕಲ್ಲನ್ನು ತೆಗೆಯಲು ಅವರು ಅಲ್ಲಿದ್ದ ಜನರಿಗೆ ಹೇಳಿದರು. ಕರೆಯ ನಂತರ, ಕೈಕಾಲು ಬಟ್ಟೆಯಿಂದ ಸುತ್ತಿದ್ದಂತೆಯೇ, ಮುಖಕ್ಕೆ ವಸ್ತ್ರ ಬಿಗಿದಿದ್ದಂತೆಯೇ ಹೊರಬಂದ ಅವನ ಕಟ್ಟುಗಳನ್ನು ಬಿಚ್ಚಿ ಅವನನ್ನು ಹೋಗಗೊಡುವಂತೆ ಹೇಳಿದ್ದೂ ಆ ಜನರಿಗೇ. ಸತ್ತವನನ್ನು ಎಬ್ಬಿಸಬಲ್ಲ ದೇವರಿಗೆ ನಾಲ್ಕು ಮೊಳ ಬಟ್ಟೆ ಬಿಚ್ಚುವುದು ಅಸಾಧ್ಯವಾಗಿತ್ತೆ? ಇಲ್ಲ. ಅದನ್ನು ಅವರು ನಮಗಾಗಿ ಉಳಿಸಿದರು.

ಕಲ್ಲು ತೆಗೆಯುವ ಮುನ್ನ ಮಾರ್ತಳು ತಡೆದದ್ದನ್ನೂ ಗಮನಿಸಿರಿ. ನಾಲ್ಕು ದಿನವಾಗಿದೆ, ದುರ್ವಾಸನೆ ಬಂದೀತು ಎಂದು ಆಕೆಯ ಅಳುಕು. ವ್ಯಸನಿಯ ಮನೆಯವರ, ಮನೋರೋಗಿಯ ಮನೆಯವರ ಮಾತೂ ಇದೇ ಅಲ್ಲವೆ? ಹೊರಗೆ ತಿಳಿದರೆ ಮಗಳ ಮದುವೆ ಏನಾದೀತು, ಧರ್ಮಕೇಂದ್ರದಲ್ಲಿ ಏನೆಂದುಕೊಂಡಾರು ಎಂಬ ಭಯದಿಂದ ಕಲ್ಲನ್ನು ಮುಚ್ಚಿಯೇ ಇಡುತ್ತಾರೆ. ಮಾರ್ತಳನ್ನು ಯಾರೂ ಗದರಿಸುವುದಿಲ್ಲ, ಆದರೆ ಕಲ್ಲು ತೆಗೆಯುವುದು ನಿಲ್ಲುವುದೂ ಇಲ್ಲ. ವಾಸನೆಯನ್ನು ಸಹಿಸಬಲ್ಲ ನಾಲ್ಕು ಜನ ಹತ್ತಿರವಿರಬೇಕು, ಅಷ್ಟೆ.

ಮತ್ತೊಂದು ಸೂಕ್ಷ್ಮವನ್ನು ನಾವು ಕಾಣದೆ ಹೋಗಿದ್ದೇವೆ. ಶುಭಸಂದೇಶದಲ್ಲಿ ಲಾಜರನು ಒಂದೇ ಒಂದು ಮಾತನ್ನೂ ಆಡುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಅವನನ್ನೂ ನೋಡಲೆಂದು ಜನ ಬೆಥಾನಿಯಕ್ಕೆ ಗುಂಪುಗೂಡಿ ಬರುತ್ತಾರೆ. ಆದರೆ ಅವನನ್ನು ನಾವು ಕಾಣುವುದು ವೇದಿಕೆಯ ಮೇಲಲ್ಲ, ಊಟದ ಪಂಕ್ತಿಯಲ್ಲಿ, ಯೇಸುಸ್ವಾಮಿಯ ಜೊತೆಗೆ. ಬದುಕಿ ಬಂದವನಿಗೆ ಮೊದಲು ಬೇಕಾದುದು ಮೈಕು ಅಲ್ಲ, ಎಲೆಯ ಮುಂದೆ ಒಂದು ಜಾಗ. ಚೇತರಿಕೆಯ ಎರಡನೆಯ ವಾರದಲ್ಲೇ ಒಬ್ಬರನ್ನು ಊರೂರಿಗೆ ಕರೆದೊಯ್ದು ಸಾಕ್ಷ್ಯ ಹೇಳಿಸುವ ನಮ್ಮ ಉತ್ಸಾಹಕ್ಕೆ ಈ ಮೌನಕ್ಕಿಂತ ದೊಡ್ಡ ವಿಮರ್ಶೆ ಬೇಡ. ಅಷ್ಟು ಎತ್ತರಕ್ಕೆ ಏರಿಸಿದವರು ಜಾರಿದಾಗ ಇಳಿಯಲು ಏಣಿಯೇ ಇರುವುದಿಲ್ಲ.

ಡಬ್ಲಿನ್ ಮತ್ತು ಆಕ್ರನ್

ನಮ್ಮ ಪ್ರಬೋಧನೆಗಳಲ್ಲಿ ಆಗಾಗ ಬರುವ ಪೂಜ್ಯ ಮ್ಯಾಟ್ ಟಾಲ್ಬಟರ ಚರಿತ್ರೆಯನ್ನೂ ಇದೇ ದೃಷ್ಟಿಯಿಂದ ನೋಡೋಣ. 1856ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಹುಟ್ಟಿದ ಈ ಕೂಲಿಕಾರ ಬಾಲ್ಯದಿಂದಲೇ ಕುಡುಕನಾದ, 1884ರಲ್ಲಿ ಪ್ರತಿಜ್ಞೆ ಮಾಡಿದ, 1925ರಲ್ಲಿ ಸಾಯುವವರೆಗೆ ಮತ್ತೆ ಕುಡಿಯಲಿಲ್ಲ ಎಂದು ಹೇಳಿ ಮುಗಿಸುತ್ತೇವೆ. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು. ಇಚ್ಛಾಶಕ್ತಿಯ ಮಹಾವೀರನೊಬ್ಬನ ಚಿತ್ರ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ.

ಆದರೆ ಚರಿತ್ರೆಯ ವಿವರಗಳು ಬೇರೆಯದನ್ನು ಹೇಳುತ್ತವೆ. ಅವರು ಗುರುಗಳೊಬ್ಬರ ಮುಂದೆ ಮೊದಲು ಮಾಡಿದ ಪ್ರತಿಜ್ಞೆ ಆಜೀವ ಪ್ರತಿಜ್ಞೆಯಲ್ಲ, ಮೂರು ತಿಂಗಳಿನದು. ಅದು ಮುಗಿದ ಮೇಲೆ ಮತ್ತೆ ಕೆಲವು ತಿಂಗಳು, ಆಮೇಲೆ ಜೀವಮಾನಕ್ಕೆ. ಸಂಜೆ ಗೆಳೆಯರು ಹೆಂಡದಂಗಡಿಗೆ ಹೋಗುವ ಹೊತ್ತನ್ನು ಅವರು ದೇವಾಲಯಗಳಲ್ಲಿ ಕಳೆದರು, ಅಂದರೆ ಖಾಲಿಯಾದ ಗಂಟೆಗಳನ್ನು ತುಂಬಿಸಿಕೊಂಡರು. ಆತ್ಮಿಕ ಮಾರ್ಗದರ್ಶನ ಪಡೆದರು, ಹಳೆಯ ಸಾಲಗಳನ್ನು ತೀರಿಸಿದರು. ಇದು ಸಿಡಿಲಿನಂತೆ ಎರಗಿದ ಪರಿವರ್ತನೆಯ ಕಥೆಗಿಂತ ಹೆಚ್ಚಾಗಿ, ಅಳತೆಯಿಟ್ಟು ಹಾಕಿದ ಹೆಜ್ಜೆಗಳ ಕಥೆ. ನಾವು ವೀರನನ್ನು ಉಳಿಸಿಕೊಂಡು ಅವರ ಮೂರು ತಿಂಗಳನ್ನು ಮರೆತೆವು. ಮರೆತುದರಿಂದಲೇ, ನಡುಗುವ ಕೈಗಳಿಂದ ಜೀವಮಾನದ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದೇವೆ.

ಟಾಲ್ಬಟರು ತೀರಿಕೊಂಡ ಹತ್ತು ವರ್ಷಗಳ ಮೇಲೆ, 1935ರಲ್ಲಿ, ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗ ಹುಟ್ಟಿತು. ವ್ಯಾಪಾರಕ್ಕೆಂದು ಬಂದು ಸೋತಿದ್ದ ಬಿಲ್ ವಿಲ್ಸನ್ ಎಂಬುವರು ಹೋಟೆಲಿನ ಪಡಸಾಲೆಯಲ್ಲಿ ನಿಂತಿದ್ದರು. ಒಂದು ಕಡೆ ಮದ್ಯದ ಬಾರು, ಇನ್ನೊಂದು ಕಡೆ ಊರಿನ ಚರ್ಚುಗಳ ಪಟ್ಟಿ. ತಾನು ಕುಡಿಯದಿರಬೇಕಾದರೆ ಮತ್ತೊಬ್ಬ ಕುಡುಕನೊಡನೆ ಮಾತನಾಡಲೇಬೇಕು ಎಂದು ಅವರಿಗೆ ಅನ್ನಿಸಿತು. ಪಟ್ಟಿಯಿಂದ ಒಬ್ಬ ಧರ್ಮಗುರುವಿಗೆ ದೂರವಾಣಿ ಕರೆ ಮಾಡಿದರು. ಆ ಎಳೆಯೇ ಅವರನ್ನು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರ ಬಳಿಗೆ ತಲುಪಿಸಿತು. ಡಾಕ್ಟರ್ ಬಾಬ್ ಕುಡಿತ ಬಿಟ್ಟರು. ಆದರೆ ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆಂದು ಹೋಗಿ ಮತ್ತೆ ಕುಡಿದು ಬಂದರು. ಬಿಲ್ ಅವರನ್ನು ಬಿಟ್ಟು ಹೋಗಲಿಲ್ಲ. ಜೂನ್ 10ರಂದು ಅವರು ಕೊನೆಯ ಸಲ ಕುಡಿದರು. ಆ ದಿನವನ್ನೇ ಬಳಗವು ತನ್ನ ಹುಟ್ಟುದಿನವಾಗಿ ಎಣಿಸುತ್ತದೆ. ಇದರ ಅರ್ಥವನ್ನು ಗ್ರಹಿಸಿರಿ: ಆ ಬಳಗದ ಸ್ಥಾಪನೆಯ ಕಥೆಯೊಳಗೇ ಒಂದು ಬೀಳುವಿಕೆ ಇದೆ. ಅದನ್ನು ಅವರು ಮುಚ್ಚಿಡಲಿಲ್ಲ.

ಅದೇ ಊರಿನ ಸಂತ ತೋಮಾಸರ ಆಸ್ಪತ್ರೆಯಲ್ಲಿ ಪ್ರವೇಶ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಧರ್ಮಭಗಿನಿ ಇಗ್ನೇಷಿಯಾ 1939ರಲ್ಲಿ, ಕುಡುಕರನ್ನು ಆಸ್ಪತ್ರೆಗಳು ಹತ್ತಿರ ಸೇರಿಸದಿದ್ದ ಕಾಲದಲ್ಲಿ, ಡಾಕ್ಟರ್ ಬಾಬರ ರೋಗಿಗಳನ್ನು ಸೇರಿಸಿಕೊಂಡರು. ಮನೆಗೆ ಹೊರಟವರ ಕೈಗೆ ಅವರು ಪವಿತ್ರ ಹೃದಯದ ಒಂದು ಸಣ್ಣ ಬಿಲ್ಲೆಯನ್ನು ಕೊಡುತ್ತಿದ್ದರು. ಮತ್ತೆ ಕುಡಿಯಬೇಕೆನಿಸಿದರೆ ಕುಡಿಯುವ ಮುನ್ನ ಬಂದು ಇದನ್ನು ನನಗೆ ಹಿಂದಿರುಗಿಸಿ ಹೋಗಿ ಎಂಬುದು ಅವರ ಷರತ್ತು. ಪ್ರತಿಜ್ಞೆಗೂ ಈ ಷರತ್ತಿಗೂ ಇರುವ ವ್ಯತ್ಯಾಸ ದೊಡ್ಡದು. ಪ್ರತಿಜ್ಞೆ ಮುರಿದವನಿಗೆ ಬಾಗಿಲು ಮುಚ್ಚುತ್ತದೆ. ಈ ಬಿಲ್ಲೆಯಾದರೋ, ಮುರಿಯುವ ಗಳಿಗೆಯಲ್ಲೇ ಬಾಗಿಲ ಕಡೆಗೆ ಕರೆತರುತ್ತದೆ.

ಈ ಬಳಗದ ವಿಧಾನವೂ ವಿಮರ್ಶೆಗೆ ಅತೀತವಲ್ಲ. ಎಲ್ಲರಿಗೂ ಅದು ಒಗ್ಗುವುದಿಲ್ಲ. ಖಿನ್ನತೆ, ಚಿತ್ತವಿಕಲತೆಗಳು ಜೊತೆಗಿದ್ದರೆ ಅದಷ್ಟೇ ಸಾಲದು. ಆದರೂ 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಅವಲೋಕನವು 27 ಅಧ್ಯಯನಗಳನ್ನೂ 10,565 ಜನರನ್ನೂ ಪರಿಗಣಿಸಿ, ಈ ಬಳಗಕ್ಕೆ ಜನರನ್ನು ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸಾಕ್ರಮವು ನಿರಂತರವಾಗಿ ಮದ್ಯ ತ್ಯಜಿಸಲು ಇತರ ಚಿಕಿತ್ಸೆಗಳಷ್ಟೇ ಅಥವಾ ಅವಕ್ಕಿಂತ ಹೆಚ್ಚು ನೆರವಾಗುತ್ತದೆ ಎಂದು ಕಂಡುಕೊಂಡಿತು. ಬಿದ್ದವರು ಮರಳಿ ಬರಲು ಅಲ್ಲಿ ಪ್ರತಿವಾರವೂ ಒಂದು ಕುರ್ಚಿ ಇರುತ್ತದೆ ಎಂಬುದು ಇದರ ಹಿಂದಿನ ಸರಳ ಕಾರಣಗಳಲ್ಲೊಂದು.

ಮನಸ್ಸಿನ ರೋಗ ಮತ್ತು ನಮ್ಮ ಮನೆಗಳು

ಕುಡಿತಕ್ಕಾದರೂ ನಮ್ಮಲ್ಲಿ ಒಂದು ಕಥೆಯಿದೆ, ಮನೋರೋಗಕ್ಕೆ ಅದೂ ಇಲ್ಲ. ಚಿತ್ತವಿಕಲತೆಯಿರುವ ಮಗನನ್ನು ಇಪ್ಪತ್ತು ವರ್ಷ ಸಾಕಿದ ತಾಯಿ ಎದ್ದು ನಿಂತು ಹೇಳಲು ಯಾವ 'ಇಂದು' ಇದೆ? ಮಾತ್ರೆ ನುಂಗುತ್ತಾ, ಕೆಲವು ತಿಂಗಳು ಚೆನ್ನಾಗಿದ್ದು, ಕೆಲವು ತಿಂಗಳು ಕುಗ್ಗುತ್ತಾ ಸಾಗುವ ಬದುಕಿಗೆ ನಾವು ಚಪ್ಪಾಳೆ ತಟ್ಟುವುದಿಲ್ಲ. ಪ್ರಾರ್ಥನೆಯಿಂದ ಗುಣವಾಯಿತೆಂದು ನಂಬಿಸಿ ಮಾತ್ರೆ ಬಿಡಿಸಿದ ಪ್ರಸಂಗಗಳು ನಮ್ಮ ನಡುವೆ ಇಲ್ಲವೆನ್ನಲಾದೀತೆ?

ಭಕ್ತಿಯ ಸ್ಥಳದಲ್ಲಿ ಆರೈಕೆಯಿಲ್ಲದಿದ್ದರೆ ಏನಾದೀತು ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿನ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಹತ್ತಿದಾಗ ಸರಪಳಿಯಲ್ಲಿ ಬಂಧಿತರಾಗಿದ್ದ 28 ಮನೋರೋಗಿಗಳು ಸತ್ತರು. ಅದು ಯಾವ ಧರ್ಮದವರ ಯಾತ್ರಾಸ್ಥಳ ಎಂಬುದು ಇಲ್ಲಿ ಅಪ್ರಸ್ತುತ. ಅಂಥ ಸರಪಳಿ ಯಾವ ಧರ್ಮದ ಅಂಗಳದಲ್ಲೂ ಕಾಣಬಹುದಾಗಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈಗ ಸರಪಳಿ ಹಾಕುವುದನ್ನೇ ನಿಷೇಧಿಸಿದೆ.

ಭಕ್ತಿ ಮತ್ತು ಆರೈಕೆ ಜೊತೆಗೂಡಿದರೆ ಏನಾದೀತು ಎಂಬುದಕ್ಕೆ ಬೆಲ್ಜಿಯಂ ದೇಶದ ಗೀಲ್ ಪಟ್ಟಣವಿದೆ. ಮನೋರೋಗಿಗಳ ಪಾಲಕಿಯಾದ ಸಂತ ಡಿಂಫ್ನಾರ ದೇವಾಲಯಕ್ಕೆ ಮಧ್ಯಯುಗದಲ್ಲಿ ರೋಗಿಗಳನ್ನು ಕರೆತರುತ್ತಿದ್ದರು. ದೇವಾಲಯದ ವಸತಿ ತುಂಬಿದಾಗ ಊರಿನವರು ಅವರನ್ನು ತಮ್ಮ ಮನೆಗಳಿಗೆ ಕರೆದುಕೊಂಡರು. ಗುಣವಾಗದವರು ಆ ಮನೆಗಳಲ್ಲೇ ಉಳಿದರು, ಹೊಲದಲ್ಲಿ ದುಡಿದರು, ಅದೇ ಮೇಜಿನಲ್ಲಿ ಉಂಡರು. ಎರಡನೆಯ ಮಹಾಯುದ್ಧಕ್ಕೆ ತುಸು ಮುಂಚೆ ಹೀಗೆ ಮನೆಗಳಲ್ಲಿದ್ದವರ ಸಂಖ್ಯೆ 3,700ನ್ನು ದಾಟಿತ್ತು. ಅದನ್ನು ಸ್ವರ್ಗವೆಂದು ಬಣ್ಣಿಸಬೇಕಾಗಿಲ್ಲ. ದುಡಿಸಿಕೊಳ್ಳುವ ಆಸೆಯೂ ಅಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಿಂದ ಸರ್ಕಾರದ ವೈದ್ಯಕೀಯ ಮೇಲ್ವಿಚಾರಣೆ ಬಂದದ್ದರಿಂದಲೇ ಆ ಕ್ರಮ ಇಂದಿನವರೆಗೆ ಉಳಿಯಿತು. ಈಗ ಸಂಖ್ಯೆ ಬಹಳ ಕುಗ್ಗಿದೆ. ಆದರೂ ಅಲ್ಲಿ ಪವಾಡಕ್ಕಾಗಿ ಬಂದವರು ಪವಾಡ ಆಗದಿದ್ದಾಗ ಹಿಂದಕ್ಕೆ ಅಟ್ಟಲ್ಪಡಲಿಲ್ಲ ಎಂಬ ಒಂದು ಸಂಗತಿ ನಮ್ಮನ್ನು ಚಿಂತನೆಗೆ ಹಚ್ಚಬೇಕು.

ಧರ್ಮಸಭೆಯ ಬೋಧನೆ ನಮ್ಮ ಅಭ್ಯಾಸಕ್ಕಿಂತ ಮುಂದಿದೆ. 1917ರ ಧರ್ಮಸಭಾ ಕಾನೂನು ಆತ್ಮಹತ್ಯೆ ಮಾಡಿಕೊಂಡವರಿಗೆ ಕ್ರೈಸ್ತ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು. 1983ರ ಕಾನೂನು ಸಂಹಿತೆ ಆ ನಿರ್ಬಂಧವನ್ನು ಕೈಬಿಟ್ಟಿತು. ತೀವ್ರ ಮಾನಸಿಕ ಬಾಧೆ ವ್ಯಕ್ತಿಯ ಹೊಣೆಗಾರಿಕೆಯನ್ನು ಕುಗ್ಗಿಸುತ್ತದೆ ಎಂದೂ ಅವರ ಆತ್ಮಗಳಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂದೂ 1992ರ ಧರ್ಮೋಪದೇಶ ಸ್ಪಷ್ಟಪಡಿಸಿತು. ಹೀಗಿದ್ದರೂ ಅಂಥ ಮನೆಗೆ ಸಾಂತ್ವನ ಹೇಳಲು ಹೋಗುವಾಗ ನಮ್ಮ ಕಾಲುಗಳು ಇಂದಿಗೂ ಹಿಂಜರಿಯುತ್ತವೆ. ಕಾನೂನು ಬಿಟ್ಟ ಕಟ್ಟನ್ನು ನಾಲಗೆ ಬಿಟ್ಟಿಲ್ಲ.

ನಮ್ಮ ಸುತ್ತಲೇ ಇರುವ ಪಾಠಗಳು

ಇದಕ್ಕೆಲ್ಲ ದೂರದೇಶಕ್ಕೇ ಹೋಗಬೇಕೆಂದಿಲ್ಲ. 1964ರಲ್ಲಿಯೇ ಬೆಂಗಳೂರಿನಲ್ಲಿ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ ಎಂಬ ಸಂಸ್ಥೆ ಆರಂಭವಾಯಿತು. ವೈದ್ಯರೂ ಧರ್ಮಪಾಲಕರೂ ಒಂದೇ ಕೆಲಸದಲ್ಲಿ ಜೊತೆಗಾರರು ಎಂಬುದನ್ನು ಅದರ ಹೆಸರೇ ಸಾರುತ್ತದೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗಳ ಹತ್ತಿರಕ್ಕೆ ಒಯ್ದಿತು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಮುಂಬಯಿಯಲ್ಲಿ ಫಾದರ್ ಜೋ ಪೆರೇರಾ 1981ರಲ್ಲಿ ಚರ್ಚಿನ ಆವರಣದಲ್ಲೇ ಕೃಪಾ ಫೌಂಡೇಶನ್ನನ್ನು ಕಟ್ಟಿದರು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳನ್ನು ನೀವು ಬಲ್ಲಿರಿ. ಶಿಬಿರ ಎಂಟು ದಿನಗಳಲ್ಲಿ ಮುಗಿದರೂ ಬಿಟ್ಟವರೆಲ್ಲ ಊರಿನಲ್ಲಿ ಮತ್ತೆ ಸೇರುವ ನವಜೀವನ ಸಮಿತಿಗಳಿವೆ. ಶಿಬಿರಕ್ಕಿಂತ ಆ ಸಮಿತಿಯಿಂದಲೇ ನಾವು ಕಲಿಯಬೇಕಾದುದು ಹೆಚ್ಚು.

ಗೋವೆಯ ಪ್ರಯೋಗವೊಂದು ವಿಶೇಷವಾಗಿ ಉಲ್ಲೇಖನೀಯ. ಸಂಗಾತ್ ಎಂಬ ಸಂಸ್ಥೆ ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ ಹಾನಿಕರ ಕುಡಿತದ ಪುರುಷರೊಡನೆ ನಾಲ್ಕರವರೆಗೆ ಬೈಠಕ್‌ಗಳಲ್ಲಿ ಆಪ್ತಸಮಾಲೋಚನೆ ನಡೆಸಿತು. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳ ನಂತರ ಅಪಾಯದ ಮಟ್ಟದಿಂದ ಕೆಳಗಿಳಿದವರು ಶೇಕಡಾ 36. ಬರಿಯ ವಾಡಿಕೆಯ ಉಪಚಾರ ಪಡೆದವರಲ್ಲಿ ಶೇಕಡಾ 26. ವೇದಿಕೆಯ ಮೇಲೆ ಹೇಳಿದರೆ ಈ ಹತ್ತರ ಅಂತರಕ್ಕೆ ಯಾರೂ ಅಲ್ಲೆಲೂಯ ಹಾಡಲಾರರು. ಆದರೆ ಪ್ರತಿ ನೂರು ಮನೆಗಳಲ್ಲಿ ಇನ್ನೂ ಹತ್ತು ಮನೆಗಳು ರಾತ್ರಿ ನೆಮ್ಮದಿಯಾಗಿ ನಿದ್ರಿಸಿದವು ಎಂದರೆ ಅದು ಸಣ್ಣ ಮಾತೆ? ಅದನ್ನು ಮಾಡಿದವರು ನಮ್ಮ ನಿಮ್ಮಂಥ ಸಾಮಾನ್ಯರು. ತೀವ್ರ ದಾಸ್ಯಕ್ಕೆ ಒಳಗಾದವರಿಗೆ ಆಸ್ಪತ್ರೆಯೇ ಬೇಕೆಂಬ ಎಚ್ಚರವನ್ನು ಮಾತ್ರ ಮರೆಯಬಾರದು.

ಹಾಗಾದರೆ ನಮ್ಮ ಧರ್ಮಕೇಂದ್ರ ಏನು ಮಾಡಬಹುದು? ದೊಡ್ಡ ಕಟ್ಟಡ ಬೇಡ. ವಾರಕ್ಕೊಂದು ಸಂಜೆ, ಫಲಕವಿಲ್ಲದ ಒಂದು ಕೋಣೆಯನ್ನು ತೆರೆದಿಟ್ಟು, ಚೇತರಿಸಿಕೊಳ್ಳುತ್ತಿರುವವರಿಗೆ ಒಪ್ಪಿಸಿಬಿಡಬಹುದು. ಅಲ್ಲಿ ನಮ್ಮ ಪಾಲನಾ ಸಮಿತಿಯ ಅಧ್ಯಕ್ಷಭಾಷಣ ಬೇಡ, ಛಾಯಾಚಿತ್ರವಂತೂ ಬೇಡವೇ ಬೇಡ. ಇನ್ನೊಂದು ಸಂಜೆ ಅವರ ಪತ್ನಿಯರಿಗೆ, ತಾಯಂದಿರಿಗೆ, ಮಕ್ಕಳಿಗೆ ಮೀಸಲಿರಲಿ. ಕುಟುಂಬದವರಿಗೂ ಅವರದೇ ಬಳಗ ಬೇಕೆಂಬುದನ್ನು 1951ರಲ್ಲಿ ಆರಂಭವಾದ ಅಲ್-ಅನಾನ್ ತೋರಿಸಿಕೊಟ್ಟಿದೆ. ಕುಡಿಯುವ ಸ್ತ್ರೀಯರೂ ಇದ್ದಾರೆ, ನಿದ್ರೆಮಾತ್ರೆಗೆ ಅಂಟಿಕೊಂಡವರೂ ಇದ್ದಾರೆ. ಅವರಿಗೆ ಕಲ್ಲು ಇನ್ನೂ ಭಾರ, ಆದುದರಿಂದ ಧರ್ಮಭಗಿನಿಯೊಬ್ಬರ ಬಳಿ ಗುಟ್ಟಾಗಿ ಹೋಗಿ ಮಾತನಾಡುವ ಅವಕಾಶ ಅವರಿಗಿರಲಿ. ಧ್ಯಾನಕೂಟಕ್ಕೆ ಹೆಸರು ಬರೆಸುವವರನ್ನು ದಿನವೂ ಕುಡಿಯುತ್ತಾರೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಮೊದಲೇ ಕೇಳಿ, ಅಗತ್ಯವಿದ್ದವರನ್ನು ವೈದ್ಯರ ಬಳಿಗೆ ಕಳುಹಿಸುವ ನಿಯಮವಿರಲಿ. ಯಾರ ಮಾತ್ರೆಯನ್ನೂ ಪ್ರಾರ್ಥನಾ ಮುಖಂಡರು ನಿಲ್ಲಿಸಕೂಡದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದು ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಈ ಸಂಖ್ಯೆಯನ್ನು ದೇವಾಲಯದ ಸೂಚನಾಫಲಕದಲ್ಲಿ ಬರೆಯಲು ಒಂದು ತುಂಡು ಸೀಮೆಸುಣ್ಣ ಸಾಕು.

ಕೇಳಿದ ಮಾತು ಹೊರಗೆ ಹೋಗಬಾರದು ಎಂಬುದು ಇವೆಲ್ಲದರ ಅಡಿಗಲ್ಲು. ಪಾಪನಿವೇದನೆಯ ಮುದ್ರೆಯನ್ನು ಇಷ್ಟು ಶತಮಾನ ಕಾಪಾಡಿಕೊಂಡು ಬಂದ ಸಮುದಾಯಕ್ಕೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆ ಮುದ್ರೆ ಗುರುಗಳ ತುಟಿಯ ಮೇಲಷ್ಟೇ ಅಲ್ಲ, ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಗುಂಪುಗೂಡುವ ನಮ್ಮ ತುಟಿಗಳ ಮೇಲೂ ಇರಬೇಕು.

ನಮ್ಮ ಆಚರಣೆಗಳನ್ನೂ ಈ ವಿಮರ್ಶೆಯಿಂದ ಹೊರಗಿಡಲಾಗದು. ಬಲಿಪೂಜೆಯಲ್ಲಿ ಮದ್ಯಪಾನದ ವಿರುದ್ಧ ಪ್ರಬೋಧನೆ ಕೇಳಿ, ಅದೇ ಸಂಜೆಯ ಮದುವೆ ಔತಣದಲ್ಲಿ ಟೋಸ್ಟಿನ ಲೋಟವನ್ನು ಎಲ್ಲರ ಕೈಗೂ ತುರುಕುವುದು ನಮ್ಮಲ್ಲಿ ಸಹಜವಾಗಿಬಿಟ್ಟಿದೆ. ಲೋಟವನ್ನು ಬೇಡವೆಂದವನಿಗೆ ಕಾರಣ ಕೇಳದಿರುವುದು, ಹಣ್ಣಿನ ರಸದ ಲೋಟವೂ ಅದೇ ತಟ್ಟೆಯಲ್ಲಿ ಅದೇ ಗೌರವದಿಂದ ಬರುವಂತೆ ಮಾಡುವುದು ಖರ್ಚಿನ ಮಾತಲ್ಲ. ಚೇತರಿಸಿಕೊಂಡವನಿಗೆ ಕೆಲಸ ಕೊಡುವುದು, ಅವನ ಮಗಳನ್ನು ಸೊಸೆಯಾಗಿ ತರಲು ಹಿಂಜರಿಯದಿರುವುದು ಇನ್ನೂ ಕಷ್ಟದ, ಇನ್ನೂ ಬೆಲೆಬಾಳುವ ಪ್ರಾರ್ಥನೆಗಳು. ಕೊನೆಯ ಕಟ್ಟು ಬಿಚ್ಚುವುದು ಅಲ್ಲಿಯೇ.

ಸಾಕ್ಷ್ಯಗಳು ನಿಲ್ಲಬೇಕೆಂದು ಯಾರೂ ಹೇಳುವುದಿಲ್ಲ. ಅವು ಸ್ವಲ್ಪ ಉದ್ದವಾಗಲಿ. ಬಿದ್ದ ದಿನವೂ, ಎತ್ತಿದ ನೆರೆಯವರೂ, ಮಾತ್ರೆ ಬರೆದುಕೊಟ್ಟ ವೈದ್ಯರೂ, ಬಾಗಿಲು ತೆರೆದ ಪತ್ನಿಯೂ ಅವುಗಳಲ್ಲಿ ಬರಲಿ. ಇನ್ನೂ ಗುಣವಾಗದವರು ಸಹ "ಇಂದು ಕುಡಿದಿಲ್ಲ, ನಾಳೆಯದು ತಿಳಿಯದು, ನನಗಾಗಿ ಪ್ರಾರ್ಥಿಸಿರಿ" ಎಂದು ಹೇಳಿ ನಾಚಿಕೆಯಿಲ್ಲದೆ ಕುಳಿತುಕೊಳ್ಳುವ ಸ್ಥಳ ನಮ್ಮ ದೇವಾಲ‌ಯಗಳಲ್ಲಿರಲಿ. ನಿಮ್ಮ ಬೀದಿಯಲ್ಲೇ ಅಂಥ ಒಂದು ಮನೆಯಿದೆ, ಅದು ಯಾವುದೆಂದು ನಿಮಗೆ ತಿಳಿದಿದೆ. ಈ ವಾರ ಆ ಮನೆಯ ಬಾಗಿಲು ತಟ್ಟಿರಿ. ಉಪದೇಶ ಬೇಡ. ಕಾಫಿ ಕುಡಿದು, ಕ್ಷೇಮ ವಿಚಾರಿಸಿ ಬನ್ನಿರಿ. ಮುಂದಿನ ವಾರ ಮತ್ತೆ ಹೋಗಿರಿ.